ಗುಂಯ್‌ಗುಡುವ ವಾಲ್ವು, ಮಳೆಗಾಲದ ಚಟಪಟ: ಮನೆಯಲ್ಲಿ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್

ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿಕೊಂಡು ಅದರ ತಕರಾರುಗಳನ್ನು ಬರೆದು ಕಳಿಸಿದ ಉಡುಪಿ, ಮಂಗಳೂರು ಕಡೆಯ ಓದುಗರ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಏನೇನು ಬದಲಿಸಿದೆವು ಎಂಬ ಉದ್ದದ ಪಟ್ಟಿ ಇದೆ. ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇತ್ತು ಎಂಬುದು ಇಲ್ಲ. ಆದ್ದರಿಂದ ಉತ್ತರಗಳಲ್ಲಿ ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಬರೆದವರಲ್ಲಿ ಹಲವರು ಕಟ್ಟಿದ್ದು ಒಂದೇ ಜಾತಿಯ ಸರ್ಕ್ಯೂಟ್. ಒಂದು ಇಸಿಸಿ82 ವಾಲ್ವಿನ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಒಂದೊಂದು ಅರ್ಧದಲ್ಲೂ ಹೀಟರಿನಿಂದ ಕಾಯುವ ಕ್ಯಾಥೋಡು ಎಲೆಕ್ಟ್ರಾನ್ ಬಿಡುತ್ತದೆ, ಪ್ಲೇಟು ಅದನ್ನು ಎಳೆದುಕೊಳ್ಳುತ್ತದೆ, ಸಿಗ್ನಲ್ ಸೇರುವ ಗ್ರಿಡ್ಡು ನಡುವೆ ನಿಂತು ಆ ಹರಿವನ್ನು ಹಿಡಿತದಲ್ಲಿಡುತ್ತದೆ. ಪ್ಲೇಟಿಗೆ 47 ಕಿಲೋಓಮ್, ಕ್ಯಾಥೋಡಿಗೆ 1.5 ಕಿಲೋಓಮ್, ಅದರ ಮೇಲೆ 100 ಮೈಕ್ರೊಫ್ಯಾರಡ್ ಬೈಪಾಸ್ ಕಂಡೆನ್ಸರ್. ಎಚ್‌ಟಿ, ಅಂದರೆ ಪ್ಲೇಟಿನ ಕಡೆಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್, 200 ವೋಲ್ಟ್. ಆ ಪ್ಲೇಟಿನಿಂದ ನೇರವಾಗಿ, ನಡುವೆ ಕಂಡೆನ್ಸರ್ ಇಲ್ಲದೆ, ಚಾನೆಲಿಗೊಂದರಂತೆ ಇಸಿಸಿ88ರ ಗ್ರಿಡ್ಡಿಗೆ. ಇಸಿಸಿ88ರ ಎರಡು ಅರ್ಧಗಳೂ ಸಮಾನಾಂತರವಾಗಿ ಕ್ಯಾಥೋಡ್ ಫಾಲೋವರ್ (ಗ್ರಿಡ್ಡಿನ ಸಿಗ್ನಲನ್ನು ಕ್ಯಾಥೋಡಿನಿಂದ ಹೊರಕೊಡುವ ಹಂತ) ಆಗಿ ಕೆಲಸ ಮಾಡುತ್ತವೆ. ಕ್ಯಾಥೋಡಿನಿಂದ ಗ್ರೌಂಡಿಗೆ 3.3 ಕಿಲೋಓಮ್, 10 ವಾಟ್ ರೆಸಿಸ್ಟರ್. ಅಲ್ಲಿಂದ ದೊಡ್ಡದೊಂದು ಕಂಡೆನ್ಸರ್ ಮೂಲಕ ಹೆಡ್‌ಫೋನಿಗೆ. ಕೆಳಗೆ ‘ನಮ್ಮ ಸರ್ಕ್ಯೂಟ್’ ಎಂದಲ್ಲೆಲ್ಲ ಇದನ್ನೇ ಹೇಳುತ್ತಿದ್ದೇವೆ.

ಕೈ ಹಾಕುವ ಮೊದಲು ಒಂದು ಮಾತು. 200 ವೋಲ್ಟ್ ಡಿಸಿ ಜೀವ ತೆಗೆಯುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಅದು ನಿಂತಿರುತ್ತದೆ. ಎಚ್‌ಟಿ ಮತ್ತು ಗ್ರೌಂಡ್ ನಡುವೆ 100 ಕಿಲೋಓಮ್, 2 ವಾಟ್ ರೆಸಿಸ್ಟರ್ ಒಂದನ್ನು ಶಾಶ್ವತವಾಗಿ ಬೆಸೆದುಬಿಡಿ. 100 ಮೈಕ್ರೊಫ್ಯಾರಡ್‌ನ ಮೂರು ಕಂಡೆನ್ಸರುಗಳಿದ್ದರೆ 200 ವೋಲ್ಟ್ ಹತ್ತಕ್ಕಿಳಿಯಲು ಸುಮಾರು ಒಂದೂವರೆ ನಿಮಿಷ ಬೇಕು. ಎರಡು ನಿಮಿಷ ಕಾಯಿರಿ, ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಿ. ಕರೆಂಟ್ ಇರುವಾಗ ಅಳೆಯಬೇಕಾದರೆ ಕಪ್ಪು ವಯರನ್ನು ಕ್ಲಿಪ್ಪಿನಿಂದ ಗ್ರೌಂಡಿಗೆ ಕಚ್ಚಿಸಿ, ಒಂದೇ ಕೈಯಲ್ಲಿ ಕೆಂಪು ಪ್ರೋಬ್ ಹಿಡಿಯಿರಿ, ಇನ್ನೊಂದು ಕೈ ಜೇಬಿನಲ್ಲಿರಲಿ. ಹೆಡ್‌ಫೋನ್ ಕಿವಿಯ ಮೇಲೆ ಬೇಡವೇ ಬೇಡ.

ಪ್ರಶ್ನೆ (ಕಟಪಾಡಿ): ನಿಮ್ಮ ಓದುಗರು ಹಲವರು ಮಾಡುವ ಇಸಿಸಿ82–ಇಸಿಸಿ88 ಸರ್ಕ್ಯೂಟನ್ನೇ ಕಟ್ಟಿದ್ದೇನೆ. ಬಲ ಚಾನೆಲ್ ಚೆನ್ನಾಗಿದೆ. ಎಡ ಚಾನೆಲ್ ಸಣ್ಣಗೆ, ಒಡೆದ ಹಾಗೆ ಕೇಳುತ್ತದೆ. ಇಸಿಸಿ82 ಹೊಸದು ಹಾಕಿದೆ, ಔಟ್‌ಪುಟ್ ಕಂಡೆನ್ಸರ್ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಒಂದು ಚಾನೆಲ್ ಸರಿಯಿದೆಯಲ್ಲ, ಅದೇ ನಿಮ್ಮ ದೊಡ್ಡ ಆಸ್ತಿ. ಹೋಲಿಸಿ ನೋಡಲು ಸರಿಯಾದ ಮಾದರಿ ಪಕ್ಕದಲ್ಲೇ ಇದೆ.

ಮೊದಲು ಇನ್‌ಪುಟ್ ವಯರುಗಳನ್ನು ಎಡ-ಬಲ ಅದಲುಬದಲು ಮಾಡಿ. ತೊಂದರೆ ಬಲಕ್ಕೆ ಹೋದರೆ ಆಂಪ್ಲಿಫೈಯರಿನ ತಪ್ಪಲ್ಲ, ಮೊಬೈಲ್ ಅಥವಾ ಕೇಬಲಿನದು. ಎಡದಲ್ಲೇ ಉಳಿದರೆ, ಸ್ವಿಚ್ ಆಫ್ ಮಾಡಿ ಎರಡು ಇಸಿಸಿ88ಗಳನ್ನು ಪರಸ್ಪರ ಬದಲಿಸಿ. ಈಗ ತೊಂದರೆ ಬಲಕ್ಕೆ ಹೋದರೆ ತಪ್ಪು ಆ ವಾಲ್ವಿನದು. ಇಸಿಸಿ82 ಎರಡೂ ಚಾನೆಲಿಗೆ ಒಂದೇ ಆದ್ದರಿಂದ ಅದನ್ನು ಹೀಗೆ ಪರೀಕ್ಷಿಸಲಾಗದು. ನೀವು ಹೊಸದು ಹಾಕಿ ನೋಡಿದ್ದೀರಿ, ಅಷ್ಟು ಸಾಕು. ಒಂದು ಎಚ್ಚರಿಕೆ: ಈ ಸರ್ಕ್ಯೂಟಿನಲ್ಲಿ ಕರೆಂಟ್ ಇರುವಾಗ ಇಸಿಸಿ82 ಕೀಳಬೇಡಿ. ಕಿತ್ತರೆ ಅದರ ಪ್ಲೇಟ್ ಪೂರ್ತಿ 200 ವೋಲ್ಟಿಗೆ ಏರುತ್ತದೆ, ಅದರೊಂದಿಗೆ ಇಸಿಸಿ88ರ ಗ್ರಿಡ್ಡೂ ಏರುತ್ತದೆ. 3.3 ಕಿಲೋಓಮ್ ರೆಸಿಸ್ಟರ್ ಸುಡುವಷ್ಟು ಬಿಸಿಯಾಗುತ್ತದೆ, ವಾಲ್ವೂ ಸೊರಗುತ್ತದೆ.

ಈಗ ಮೀಟರ್. ವಾಲ್ವು ಕಾದು ಎರಡು ನಿಮಿಷವಾದ ಮೇಲೆ ಇಸಿಸಿ82ರಲ್ಲಿ ಪ್ಲೇಟು, ಅಂದರೆ 1 ಮತ್ತು 6ನೇ ಪಿನ್ನು, ಮತ್ತು ಕ್ಯಾಥೋಡು, ಅಂದರೆ 3 ಮತ್ತು 8ನೇ ಪಿನ್ನು ಅಳೆಯಿರಿ. ಸರಿ ಇರುವ ಚಾನೆಲಿನಲ್ಲಿ ಪ್ಲೇಟ್ 95ರಿಂದ 100 ವೋಲ್ಟ್, ಕ್ಯಾಥೋಡ್ ಸುಮಾರು 3.3 ವೋಲ್ಟ್ ಸಿಗಬೇಕು. ಅಂದರೆ 2.2 ಮಿಲಿಆಂಪ್ ಹರಿಯುತ್ತಿದೆ ಎಂದರ್ಥ. ಇಸಿಸಿ88ರ ಕ್ಯಾಥೋಡ್ ಇಸಿಸಿ82ರ ಪ್ಲೇಟಿಗಿಂತ ಒಂದೆರಡು ವೋಲ್ಟ್ ಮೇಲಿರಬೇಕು.

ತೊಂದರೆಯ ಚಾನೆಲಿನ ಅಂಕಿ ತಾನೇ ಮಾತಾಡುತ್ತದೆ. ಪ್ಲೇಟ್ 200, ಕ್ಯಾಥೋಡ್ ಸೊನ್ನೆ ಎಂದಾದರೆ ವಾಲ್ವಿನ ಆ ಅರ್ಧದಲ್ಲಿ ಕರೆಂಟೇ ಹರಿಯುತ್ತಿಲ್ಲ: ಹೀಟರ್ ಉರಿಯುತ್ತಿಲ್ಲ ಅಥವಾ ಸಾಕೆಟ್ಟಿನ ಪಿನ್ ಹಿಡಿಯುತ್ತಿಲ್ಲ. ಪ್ಲೇಟ್ 200 ಇದ್ದು ಕ್ಯಾಥೋಡ್ 10 ವೋಲ್ಟಿಗೂ ಮೇಲೆ ತೇಲುತ್ತಿದ್ದರೆ 1.5 ಕಿಲೋಓಮ್ ರೆಸಿಸ್ಟರ್ ಒಡೆದಿದೆ ಅಥವಾ ಅದರ ಗ್ರೌಂಡ್ ತುದಿಯಲ್ಲಿ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಇದೆ. ಪ್ಲೇಟ್ 40ಕ್ಕಿಳಿದು ಕ್ಯಾಥೋಡ್ 5ಕ್ಕೇರಿದ್ದರೆ ಗ್ರಿಡ್ಡಿಗೆ ಎಲ್ಲಿಂದಲೋ ಪಾಸಿಟಿವ್ ವೋಲ್ಟೇಜ್ ಸೇರುತ್ತಿದೆ: ಗ್ರಿಡ್ಡಿನಿಂದ ಗ್ರೌಂಡಿಗಿರುವ ರೆಸಿಸ್ಟರ್ ತುಂಡಾಗಿದೆ ಅಥವಾ ಸಾಕೆಟ್ಟಿನಲ್ಲಿ ಸೋರಿಕೆ ಇದೆ. ನಿಮ್ಮ ವರ್ಣನೆಗೆ, ಅಂದರೆ ಸಣ್ಣಗೆ ಮತ್ತು ಒಡೆದು ಕೇಳುವುದಕ್ಕೆ, ಈ ಮೂರನೆಯದೇ ಹೆಚ್ಚು ಹೊಂದುತ್ತದೆ. ಪ್ಲೇಟ್ 40ರಲ್ಲಿ ಕೂತರೆ ಫಾಲೋವರಿನ ಕ್ಯಾಥೋಡೂ ಅಲ್ಲಿಗೇ ಇಳಿಯುತ್ತದೆ, ಅದರ ಕರೆಂಟ್ 30ರಿಂದ 12 ಮಿಲಿಆಂಪಿಗೆ ಕುಸಿಯುತ್ತದೆ, ಸಿಗ್ನಲ್ ಒಂದು ಕಡೆಯಲ್ಲಿ ಬೇಗ ಕತ್ತರಿಸಿಹೋಗುತ್ತದೆ.

ವೋಲ್ಟೇಜುಗಳೆಲ್ಲ ಸರಿಯಿದ್ದು ಶಬ್ದ ಮಾತ್ರ ಕಡಿಮೆ, ಒಡೆಯುವುದಿಲ್ಲ ಎಂದಾದರೆ ಬೈಪಾಸ್ ಕಂಡೆನ್ಸರ್ ನೋಡಿ. ಅದು ಒಣಗಿದರೆ ಅಥವಾ ಒಂದು ಕಾಲು ಬಿಟ್ಟರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) 14ರಿಂದ 10ರ ಹತ್ತಿರಕ್ಕಿಳಿಯುತ್ತದೆ. ಡಿಸಿ ಅಳತೆಯಲ್ಲಿ ಇದು ಕಾಣುವುದೇ ಇಲ್ಲ. ಸಮನಾದ ಒಳ್ಳೆಯ ಕಂಡೆನ್ಸರನ್ನು ಅದರ ಮೇಲೆ ತಾತ್ಕಾಲಿಕವಾಗಿ ಬೆಸೆದು ನೋಡಿದರೆ ಕೂಡಲೇ ಗೊತ್ತಾಗುತ್ತದೆ.

ಇದೆಲ್ಲ ಮುಗಿದ ಮೇಲೆ ಇಸಿಸಿ88ರ ಪ್ರತಿ ಕ್ಯಾಥೋಡಿಗೂ ಒಂದೊಂದು 10 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿಡಿ. ಒಂದೊಂದರ ಮೇಲೂ 150 ಮಿಲಿವೋಲ್ಟ್ ಸಿಕ್ಕರೆ ಎರಡು ಅರ್ಧಗಳೂ 15 ಮಿಲಿಆಂಪ್ ಸಮನಾಗಿ ಹಂಚಿಕೊಂಡಿವೆ. ಒಂದರಲ್ಲಿ 250, ಇನ್ನೊಂದರಲ್ಲಿ 50 ಬಂದರೆ ಒಂದೇ ಅರ್ಧ ಭಾರ ಹೊರುತ್ತಿದೆ. ಇಸಿಸಿ88ರ ಪ್ಲೇಟಿಗೆ ಮಿತಿ 1.8 ವಾಟ್, 100 ವೋಲ್ಟಿನಲ್ಲಿ 25 ಮಿಲಿಆಂಪ್ ಎಂದರೆ 2.5 ವಾಟ್. ಅದು ಬಹಳ ದಿನ ಬಾಳದು.

ಪ್ರಶ್ನೆ (ಮಣಿಪಾಲ): ಇದೇ ಸರ್ಕ್ಯೂಟ್. ಹಾಡು ನಿಂತಾಗ ಎರಡೂ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಫಿಲ್ಟರ್ ಕಂಡೆನ್ಸರನ್ನು 100ರಿಂದ 330 ಮೈಕ್ರೊಫ್ಯಾರಡಿಗೆ ಏರಿಸಿದರೂ ವ್ಯತ್ಯಾಸವಿಲ್ಲ.

ವ್ಯತ್ಯಾಸವಾಗಲಿಲ್ಲ ಎಂಬುದೇ ಒಂದು ಸುಳಿವು. ನಿಮ್ಮ ಗುಂಯ್ ಬಹುಶಃ ಎಚ್‌ಟಿಯಿಂದ ಬರುತ್ತಿಲ್ಲ.

ನಮ್ಮ ಲೈನ್ 50 ಹರ್ಟ್ಸ್. ಬ್ರಿಡ್ಜ್ ರೆಕ್ಟಿಫೈಯರ್ ದಾಟಿ ಎಚ್‌ಟಿಯಲ್ಲಿ ಉಳಿಯುವ ಅಲೆ 100 ಹರ್ಟ್ಸ್. ಹೀಟರ್ ವಯರಿನಿಂದ ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದ ನುಸುಳುವುದು ಮುಖ್ಯವಾಗಿ 50 ಹರ್ಟ್ಸ್. ಸಂಗೀತ ಬಲ್ಲವರೂ ಇಲ್ಲಿ ಮೋಸಹೋಗುತ್ತಾರೆ, ಯಾಕೆಂದರೆ ಎರಡೂ ಒಂದೇ ಸ್ವರ, ಹಾರ್ಮೋನಿಯಮಿನ ಬಿಳಿ ಐದರ ಹತ್ತಿರದ್ದು, ಸ್ಥಾಯಿ ಮಾತ್ರ ಬೇರೆ. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 50 ಮತ್ತು 100 ಎರಡನ್ನೂ ಹೆಡ್‌ಫೋನಿನಲ್ಲೇ ಕೇಳಿ ಹೋಲಿಸಿ.

ಆಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ. ಗುಂಯ್ ನಿಂತರೆ ಅದು ಇನ್‌ಪುಟ್ ಕಡೆಯದು. ಸೊನ್ನೆಯಲ್ಲಿ ಕಡಿಮೆ, ನಡುವಿನಲ್ಲಿ ಜಾಸ್ತಿ, ಪೂರ್ತಿ ಏರಿಸಿದಾಗ ಮತ್ತೆ ಕಡಿಮೆ ಎಂದಾದರೆ ಪಾಟಿನಿಂದ (ವಾಲ್ಯೂಮ್ ತಿರುಗಿಸುವ ರೆಸಿಸ್ಟರಿನಿಂದ) ಗ್ರಿಡ್ಡಿಗೆ ಹೋಗುವ ವಯರ್ ಗಾಳಿಯಲ್ಲಿರುವುದನ್ನು ಹೀರುತ್ತಿದೆ. ಪಾಟಿನ ಔಟ್‌ಪುಟ್ ರೆಸಿಸ್ಟೆನ್ಸ್ ನಡುವಿನಲ್ಲೇ ಗರಿಷ್ಠ. 50 ಕಿಲೋಓಮಿನದಾದರೆ 12.5 ಕಿಲೋಓಮ್. ಅಲ್ಲಿಗೆ ಶೀಲ್ಡ್ ವಯರ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ, ಪಾಟಿನ ಲೋಹದ ಮೈಯನ್ನೂ ಗ್ರೌಂಡಿಗೆ ಸೇರಿಸಿ.

ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಹಾಗೇ ಇದ್ದರೆ ಮುಂದಿನ ಅನುಮಾನ ಹೀಟರ್. ಇದನ್ನು ತೀರ್ಮಾನಿಸಲು ಒಂದು ಬ್ಯಾಟರಿ ಸಾಕು. ಎಮರ್ಜೆನ್ಸಿ ಲೈಟಿನಲ್ಲಿರುವಂಥ 6 ವೋಲ್ಟ್, 4.5 ಆಂಪ್-ಅವರ್ ಸೀಲ್ಡ್ ಬ್ಯಾಟರಿಯಿಂದ ಹೀಟರುಗಳಿಗೆ ಕೊಡಿ. ಎರಡು ಇಸಿಸಿ88, ಒಂದು ಇಸಿಸಿ82 ಸೇರಿ 1.03 ಆಂಪ್ ಎಳೆಯುತ್ತವೆ, ಪರೀಕ್ಷೆಗೆ ಧಾರಾಳ ಸಮಯ ಸಿಗುತ್ತದೆ. ಬ್ಯಾಟರಿಯಲ್ಲಿ ಗುಂಯ್ ಮಾಯವಾದರೆ ಕಳ್ಳ ಸಿಕ್ಕಿದಂತೆ. ಪರಿಹಾರ ಮೂರು. ಹೀಟರ್ ವಯರುಗಳನ್ನು ಬಿಗಿಯಾಗಿ ಹುರಿಮಾಡಿ ಚಾಸಿಯ (ಲೋಹದ ಪೆಟ್ಟಿಗೆಯ) ಮೂಲೆಗೆ ಒತ್ತಿ ಒಯ್ಯಿರಿ. ಹೀಟರಿನ ಸುತ್ತಿಗೆ ಸೆಂಟರ್ ಟ್ಯಾಪ್ (ನಡುವಿನಿಂದ ತೆಗೆದ ತುದಿ) ಇಲ್ಲದಿದ್ದರೆ ಎರಡೂ ತುದಿಯಿಂದ 100 ಓಮಿನ ಎರಡು ರೆಸಿಸ್ಟರ್ ಹಾಕಿ ನಡುಬಿಂದು ಮಾಡಿಕೊಳ್ಳಿ. ಆ ನಡುಬಿಂದುವನ್ನು ಗ್ರೌಂಡಿಗೆ ಕೊಡದೆ, ಎಚ್‌ಟಿಯಿಂದ 220 ಕಿಲೋಓಮ್ ಮತ್ತು 47 ಕಿಲೋಓಮಿನ ಡಿವೈಡರಿನಿಂದ ಸಿಗುವ 35 ವೋಲ್ಟಿಗೆ ಕಟ್ಟಿ. 47 ಕಿಲೋಓಮಿನ ಮೇಲೆ 47 ಮೈಕ್ರೊಫ್ಯಾರಡ್, 63 ವೋಲ್ಟ್ ಕಂಡೆನ್ಸರ್ ಇರಲಿ. ಹೀಗೆ ಎತ್ತಿದರೆ ಹೀಟರ್ ಕ್ಯಾಥೋಡಿಗಿಂತ ಪಾಸಿಟಿವ್ ಆಗಿ, ಹೀಟರಿನಿಂದ ಇಸಿಸಿ82ರ ಕ್ಯಾಥೋಡಿಗೆ ಎಲೆಕ್ಟ್ರಾನ್ ಜಿನುಗುವುದು ನಿಲ್ಲುತ್ತದೆ. 100 ವೋಲ್ಟಿನಲ್ಲಿ ಕೂತ ಇಸಿಸಿ88ರ ಕ್ಯಾಥೋಡಿಗೂ ಹೀಟರಿಗೂ ಇರುವ ಅಂತರವೂ 65ಕ್ಕಿಳಿಯುತ್ತದೆ.

ಬ್ಯಾಟರಿಯಲ್ಲೂ ಗುಂಯ್ ಹೋಗಲಿಲ್ಲವೆ? ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಬಿಚ್ಚಿ, ವಯರ್ ಉದ್ದ ಮಾಡಿ, ಅದನ್ನು ಅರ್ಧ ಅಡಿ ದೂರ ಇಟ್ಟು ತಿರುಗಿಸುತ್ತಾ ಕೇಳಿ. ಒಂದು ದಿಕ್ಕಿನಲ್ಲಿ ಸದ್ದು ತಗ್ಗಿದರೆ ಆ ದಿಕ್ಕಿನಲ್ಲೇ ಕೂರಿಸಿ. ಚಾಸಿಗೆ ತೂತು ಕೊರೆಯುವ ಮೊದಲೇ ಇದನ್ನು ಮಾಡಿದ್ದರೆ ಒಳ್ಳೆಯದಿತ್ತು. ಮುಂದೆ ಕಟ್ಟುವವರು ಗಮನಿಸಲಿ.

ನಿಮ್ಮದು 100 ಹರ್ಟ್ಸ್ ಎಂದೇ ಖಚಿತವಾದರೂ ಮೊದಲ ಕಂಡೆನ್ಸರನ್ನು ದೊಡ್ಡದು ಮಾಡುವುದು ಸರಿಯಾದ ದಾರಿಯಲ್ಲ. ಲೆಕ್ಕ ನೋಡಿ. ಒಟ್ಟು 60 ಮಿಲಿಆಂಪ್, ಮೊದಲ ಕಂಡೆನ್ಸರ್ 100 ಮೈಕ್ರೊಫ್ಯಾರಡ್ ಇದ್ದರೆ ಅಲೆ ತುದಿಯಿಂದ ತುದಿಗೆ 6 ವೋಲ್ಟ್, ಮೀಟರಿನಲ್ಲಿ ಸುಮಾರು 1.7 ವೋಲ್ಟ್ ಎಸಿ. 330 ಹಾಕಿದರೆ ಮೂರರಲ್ಲೊಂದಾಗುತ್ತದೆ, ಅಷ್ಟೇ. ಅದರ ಬದಲು 220 ಓಮ್, 5 ವಾಟ್ ರೆಸಿಸ್ಟರ್ ದಾಟಿಸಿ ಇನ್ನೊಂದು 100 ಮೈಕ್ರೊಫ್ಯಾರಡ್ ಇಟ್ಟರೆ ಅಲೆ ಹದಿನಾಲ್ಕರಲ್ಲೊಂದಾಗಿ 125 ಮಿಲಿವೋಲ್ಟಿಗೆ ಇಳಿಯುತ್ತದೆ. ನಷ್ಟ 13 ವೋಲ್ಟ್ ಮಾತ್ರ. ಫಾಲೋವರಿಗೆ ಇಷ್ಟು ಸಾಕು. ಇಸಿಸಿ82ಕ್ಕೆ ಇನ್ನೂ ಒಂದು ಮೆಟ್ಟಿಲು: 2.2 ಕಿಲೋಓಮ್, ಮತ್ತೊಂದು 100 ಮೈಕ್ರೊಫ್ಯಾರಡ್. ಅಲ್ಲಿ ಉಳಿಯುವುದು ಒಂದು ಮಿಲಿವೋಲ್ಟ್, ಪ್ಲೇಟಿಗೆ ತಲುಪುವುದು ಅದರ ಐದನೇ ಒಂದು ಭಾಗ. ಅಳೆಯುವಾಗ ಮೀಟರನ್ನು ಎಸಿಗಿಟ್ಟು ಕೆಂಪು ವಯರಿನ ದಾರಿಯಲ್ಲಿ 0.1 ಮೈಕ್ರೊಫ್ಯಾರಡ್, 630 ವೋಲ್ಟ್ ಕಂಡೆನ್ಸರ್ ಸೇರಿಸಿ. ಇಲ್ಲವಾದರೆ ಕೆಲವು ಅಗ್ಗದ ಮೀಟರುಗಳು ಡಿಸಿಯನ್ನೂ ಎಸಿ ಎಂದು ತೋರಿಸುತ್ತವೆ.

ಕಂಪ್ಯೂಟರ್ ಜೋಡಿಸಿದಾಗ ಮಾತ್ರ ಗುಂಯ್ ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಿಂದ ಗ್ರೌಂಡ್ ಸೇರಿ ಆದ ಸುತ್ತು. ಅರ್ಥ್ ಪಿನ್ ಕಿತ್ತುಹಾಕುವುದು ಪರಿಹಾರವಲ್ಲ, ಅದು ಅಪಾಯ. ಚಾಸಿ ಅರ್ಥಿನಲ್ಲೇ ಇರಲಿ. ಆಡಿಯೊ ಗ್ರೌಂಡ್ ಮತ್ತು ಚಾಸಿ ನಡುವೆ 10 ಓಮ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ ವಿರುದ್ಧ ದಿಕ್ಕಿನ ಎರಡು ದಪ್ಪ ಡಯೋಡ್ ಹಾಕಿ.

ಪ್ರಶ್ನೆ (ಮಲ್ಪೆ): ಬೇಸಗೆಯಲ್ಲಿ ಚೆನ್ನಾಗಿದ್ದ ಸೆಟ್ ಜೂನ್ ಬಂದ ಮೇಲೆ ಚಟಪಟ, ಪರಪರ ಅನ್ನುತ್ತಿದೆ. ಅರ್ಧ ಗಂಟೆ ಉರಿದ ಮೇಲೆ ಸ್ವಲ್ಪ ಕಡಿಮೆಯಾಗುತ್ತದೆ.

ಉರಿದ ಮೇಲೆ ಕಡಿಮೆಯಾಗುತ್ತದೆ ಎಂದರೆ ತೇವ ಒಣಗುತ್ತಿದೆ. ಸಮುದ್ರದ ಹತ್ತಿರ ಬರೀ ತೇವವಲ್ಲ, ಉಪ್ಪು ಬೆರೆತ ತೇವ. ಅದು ವಿದ್ಯುತ್ತನ್ನು ಹರಿಯಗೊಡುತ್ತದೆ, ತವರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ.

ಮೊದಲ ಅನುಮಾನ ಸಾಕೆಟ್ಟಿನ ಮೇಲೆ ಉಳಿದ ಸೋಲ್ಡರ್ ಫ್ಲಕ್ಸ್. ಇಸಿಸಿ82ರಲ್ಲಿ 1ನೇ ಪಿನ್ ಪ್ಲೇಟು, ಪಕ್ಕದ 2ನೇ ಪಿನ್ ಗ್ರಿಡ್ಡು. ನಡುವೆ ಫ್ಲಕ್ಸ್ ಅಂಟಿಕೊಂಡು ತೇವ ಹೀರಿದರೆ ಅಲ್ಲೊಂದು ಕಾಣದ ರೆಸಿಸ್ಟರ್ ಹುಟ್ಟುತ್ತದೆ. ಅದು 100 ಮೆಗಾಓಮ್ ಇದ್ದರೂ ಸಾಕು: 100 ವೋಲ್ಟಿನಿಂದ ಒಂದು ಮೈಕ್ರೊಆಂಪ್ ಸೋರುತ್ತದೆ. ಗ್ರಿಡ್ಡಿನ ರೆಸಿಸ್ಟರ್ 1 ಮೆಗಾಓಮ್ ಆಗಿದ್ದರೆ ಗ್ರಿಡ್ಡು ಒಂದು ವೋಲ್ಟ್ ಮೇಲಕ್ಕೆ ಜಗ್ಗಲ್ಪಡುತ್ತದೆ, 3.3 ವೋಲ್ಟಿನ ಬಯಾಸಿನಲ್ಲಿ (ಗ್ರಿಡ್ಡಿಗೂ ಕ್ಯಾಥೋಡಿಗೂ ಇರುವ ಅಂತರದಲ್ಲಿ) ಇದು ದೊಡ್ಡ ಪಾಲು. ಆ ಸೋರಿಕೆ ಒಂದೇ ಸಮನೆ ಇರದೆ ಮಿಣುಕುತ್ತದೆ, ಅದೇ ಪರಪರ.

ಕರೆಂಟ್ ತೆಗೆದು, ಕಂಡೆನ್ಸರ್ ಖಾಲಿಯಾದದ್ದನ್ನು ನೋಡಿಕೊಂಡು, ವಾಲ್ವುಗಳನ್ನು ಕಿತ್ತಿಡಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್ಷಿನಿಂದ ಸಾಕೆಟ್ಟಿನ ಅಡಿಯನ್ನೂ ಬೋರ್ಡನ್ನೂ ಉಜ್ಜಿ. ಕರಗಿದ ಫ್ಲಕ್ಸನ್ನು ಬಟ್ಟೆಯಿಂದ ಎತ್ತಿಬಿಡಿ. ಎತ್ತದಿದ್ದರೆ ಅದು ಬೇರೆ ಕಡೆ ಹರಡಿಕೊಳ್ಳುತ್ತದೆ. ಸಾಕೆಟ್ಟಿನ ತೂತಿನೊಳಗೆ ಹಲ್ಲುಸಂದಿಯ ಸಣ್ಣ ಬ್ರಷ್ ಹೊಕ್ಕುತ್ತದೆ. ವಾಲ್ವಿನ ಪಿನ್ನಿಗೆ ಮರಳುಕಾಗದ ಹಾಕಬೇಡಿ, ಲೇಪ ಕಿತ್ತುಹೋಗಿ ಮುಂದಿನ ಮಳೆಗಾಲಕ್ಕೆ ಇನ್ನಷ್ಟು ತುಕ್ಕು ಬರುತ್ತದೆ. ಆಲ್ಕೊಹಾಲಿನ ಬಟ್ಟೆ ಸಾಕು. ಸಾಕೆಟ್ಟಿನ ಹಿಡಿತ ಸಡಿಲವಿದ್ದರೆ ಗುಂಡುಸೂಜಿಯಿಂದ ಎಲೆಗಳನ್ನು ಒಳಕ್ಕೆ ತುಸು ಒತ್ತಿ. ಪೂರ್ತಿ ಒಣಗಿದ ಮೇಲೆ ಬೋರ್ಡಿಗೆ ಕನ್ಫಾರ್ಮಲ್ ಲ್ಯಾಕರ್ (ತೇವ ತಡೆಯುವ ಲೇಪ) ಸಿಂಪಡಿಸಬಹುದು, ಸಾಕೆಟ್ ಮತ್ತು ಪಾಟಿಗೆ ಟೇಪ್ ಸುತ್ತಿ ಮುಚ್ಚಿಟ್ಟು.

ವಾಲ್ಯೂಮ್ ತಿರುಗಿಸಿದಾಗ ಮಾತ್ರ ಪರಪರ ಎಂದರೆ ಪಾಟನ್ನು ದೂರುವ ಮೊದಲು ಅದರ ನಡುಕಾಲಿನಲ್ಲಿ ಡಿಸಿ ಇದೆಯೇ ನೋಡಿ. ಕೆಲವು ಮಿಲಿವೋಲ್ಟಿಗಿಂತ ಹೆಚ್ಚಿದ್ದರೆ ಗ್ರಿಡ್ ಕಡೆಯಿಂದ ಸೋರುತ್ತಿದೆ. ಹೊಸ ಪಾಟೂ ಹಾಗೇ ಕೂಗುತ್ತದೆ. ಮತ್ತೆ, ಆಟಿ ತಿಂಗಳಲ್ಲಿ ಸೆಟ್ಟನ್ನು ಮೂಲೆಯಲ್ಲಿ ಮುಚ್ಚಿಡಬೇಡಿ. ದಿನಕ್ಕೆ ಅರ್ಧ ಗಂಟೆ ಉರಿಸಿದರೆ ಅದರ ಬಿಸಿಯೇ ಅದನ್ನು ಕಾಯುತ್ತದೆ.

ಪ್ರಶ್ನೆ (ಕುಂದಾಪುರ): ಗೆಳೆಯರ 300 ಓಮ್ ಹೆಡ್‌ಫೋನಿನಲ್ಲಿ ಅದ್ಭುತವಾಗಿದೆ. ನನ್ನ 32 ಓಮಿನದರಲ್ಲಿ ಮೃದಂಗದ ತೊಪ್ಪಿಯ ಪೆಟ್ಟೇ ಕೇಳುವುದಿಲ್ಲ. ಔಟ್‌ಪುಟ್ ಕಂಡೆನ್ಸರ್ 47 ಮೈಕ್ರೊಫ್ಯಾರಡ್.

ಕೆಟ್ಟದ್ದು ಏನೂ ಇಲ್ಲ, ಕಂಡೆನ್ಸರ್ ಚಿಕ್ಕದು. 47 ಮೈಕ್ರೊಫ್ಯಾರಡ್ ಮತ್ತು 300 ಓಮ್ ಸೇರಿದರೆ ಕೆಳಮಿತಿ 11 ಹರ್ಟ್ಸ್; ಅದೇ 32 ಓಮಿಗೆ 106 ಹರ್ಟ್ಸ್. ತೊಪ್ಪಿಯ ನಾದವೆಲ್ಲ ಅದರ ಆಸುಪಾಸಿನಲ್ಲೇ ಇರುವುದರಿಂದ ಸೋರಿಹೋಗುತ್ತದೆ. 470 ಮೈಕ್ರೊಫ್ಯಾರಡ್ ಹಾಕಿದರೆ 11 ಹರ್ಟ್ಸಿಗೆ ಬರುತ್ತದೆ. ವೋಲ್ಟೇಜ್ ರೇಟಿಂಗ್ 250 ಇರಲಿ. ಮಾಮೂಲಿಗೆ ಅಲ್ಲಿರುವುದು 100 ವೋಲ್ಟೇ ಆದರೂ ಇಸಿಸಿ82 ಕೆಟ್ಟ ದಿನ ಅದು 200ರ ಹತ್ತಿರ ಹೋಗಬಲ್ಲದು. ಕಂಡೆನ್ಸರಿನ ಹೊರಗಡೆ, ಹೆಡ್‌ಫೋನ್ ಸಾಕೆಟ್ಟಿನ ಮೇಲೆ, 1 ಕಿಲೋಓಮ್ ರೆಸಿಸ್ಟರ್ ಗ್ರೌಂಡಿಗೆ ಇರಲೇಬೇಕು. ಇಲ್ಲದಿದ್ದರೆ ಕಂಡೆನ್ಸರ್ ಚಾರ್ಜ್ ಆಗುವುದು ನೀವು ಹೆಡ್‌ಫೋನ್ ಸಿಕ್ಕಿಸಿದ ಕ್ಷಣದಲ್ಲಿ, ನಿಮ್ಮ ಹೆಡ್‌ಫೋನಿನ ಕಾಯಿಲ್ ಮೂಲಕ. ರೆಸಿಸ್ಟರ್ ಇದ್ದರೂ ಸ್ವಿಚ್ ಹಾಕಿ ಒಂದು ನಿಮಿಷದ ನಂತರವೇ ಹೆಡ್‌ಫೋನ್ ಸಿಕ್ಕಿಸಿ, ಅದಕ್ಕೂ ಮೊದಲು ಸಾಕೆಟ್ಟಿನಲ್ಲಿ ಡಿಸಿ ಅಳೆಯಿರಿ. 10 ಮಿಲಿವೋಲ್ಟಿನೊಳಗೆ ಇಳಿದಿರಬೇಕು.

ಆದರೆ ನಿರೀಕ್ಷೆಯನ್ನು ತಿದ್ದಿಕೊಳ್ಳಬೇಕಾದ ವಿಷಯವೂ ಇದೆ. ಫಾಲೋವರಿನ ಕರೆಂಟ್ 30 ಮಿಲಿಆಂಪ್. 32 ಓಮಿಗೆ ಅದು ಕೊಡಬಲ್ಲದ್ದು 14 ಮಿಲಿವಾಟ್ ಮಾತ್ರ, ಅದರಾಚೆ ಒಡೆಯುತ್ತದೆ. ಔಟ್‌ಪುಟ್ ರೆಸಿಸ್ಟೆನ್ಸ್ ಸುಮಾರು 40 ಓಮ್ ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ವಾಲ್ವಿನಲ್ಲೇ ಉಳಿಯುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್ಲಿಫೈಯರ್ 250, 300 ಓಮಿನ ಹೆಡ್‌ಫೋನಿಗೆ ಹೇಳಿ ಮಾಡಿಸಿದ್ದು. 32 ಓಮ್ ಮಾತ್ರ ಇರುವವರು ಮುಂದಿನ ಪ್ರಶ್ನೆಯಲ್ಲಿರುವ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಸೇರಿದ ಬಗೆಯದನ್ನು ಕಟ್ಟುವುದೇ ಲೇಸು.

ಪ್ರಶ್ನೆ (ಸುರತ್ಕಲ್): 12 ವೋಲ್ಟ್ ಅಡಾಪ್ಟರಿನಲ್ಲಿ ಇಸಿಸಿ82, ಐಆರ್‌ಎಫ್510 ಮಾಸ್‌ಫೆಟ್, ಎಲ್‌ಎಂ317 ರೆಗ್ಯುಲೇಟರ್ ಸೇರಿದ ಸರ್ಕ್ಯೂಟ್. ಒಂದು ಮಾಸ್‌ಫೆಟ್ ಮುಟ್ಟಲಾಗದಷ್ಟು ಬಿಸಿ, ಆ ಕಡೆ ಶಬ್ದವೂ ಕರಕರ.

ಬಿಸಿಯಾಗುವುದು ಸಹಜ, ಒಂದೇ ಕಡೆ ಬಿಸಿಯಾಗುವುದು ಸಹಜವಲ್ಲ. ಮಾಸ್‌ಫೆಟ್ಟಿನಿಂದ ಒಂದೇ ಸಮನೆ ಕರೆಂಟ್ ಎಳೆಯುವ ಎಲ್‌ಎಂ317ಕ್ಕೆ 5 ಓಮ್ ಹಾಕಿದ್ದರೆ, ಅಂದರೆ 10 ಓಮಿನ ಎರಡು ಸಮಾನಾಂತರ, ಕರೆಂಟ್ 250 ಮಿಲಿಆಂಪ್; ಚಾನೆಲಿಗೆ 3 ವಾಟ್ ಬಿಸಿ. ಮಾಸ್‌ಫೆಟ್ಟಿನ ಸೋರ್ಸಿನಲ್ಲಿ 6 ವೋಲ್ಟ್ ಬರುವಂತೆ ಗೇಟಿನ ಪ್ರಿಸೆಟ್ ತಿರುಗಿಸಿ, ಹತ್ತು ನಿಮಿಷ ಕಾದು ಮತ್ತೆ ಸರಿಪಡಿಸಿ. ಸೋರ್ಸ್ 2 ವೋಲ್ಟಿಗಿಳಿದಿದ್ದರೆ ಎಲ್‌ಎಂ317 ಉಸಿರುಕಟ್ಟಿ ನಿಲ್ಲುತ್ತದೆ, ಕರಕರ ಅಲ್ಲಿಂದ.

ವೋಲ್ಟೇಜ್ ಸರಿಯಿದ್ದೂ ಬಿಸಿ, ಕೈ ಹತ್ತಿರ ತಂದರೆ ಸದ್ದು ಬದಲಾಗುತ್ತದೆ, ಮೀಟರಿನ ವಯರ್ ತಾಗಿಸಿದರೆ ಅಂಕಿ ಜಿಗಿಯುತ್ತದೆ ಎಂದಾದರೆ ಮಾಸ್‌ಫೆಟ್ ಕಿವಿಗೆ ಕೇಳದ ಎತ್ತರದ ಆವರ್ತನದಲ್ಲಿ ತಾನೇ ಆಸಿಲೇಟ್ ಆಗುತ್ತಿದೆ. ಗೇಟಿನ ಕಾಲಿಗೇ ಒತ್ತಿ 470 ಓಮ್ ರೆಸಿಸ್ಟರ್ ಬೆಸೆಯಿರಿ. ಎರಡು ಇಂಚು ದೂರ ಹಾಕಿದರೆ ಪ್ರಯೋಜನವಿಲ್ಲ.

ಇನ್ನೊಂದು ಸಾಮಾನ್ಯ ಎಡವಟ್ಟು: ಐಆರ್‌ಎಫ್510ರ ಲೋಹದ ಬೆನ್ನು ಡ್ರೈನ್, ಅಂದರೆ 12 ವೋಲ್ಟ್. ಎಲ್‌ಎಂ317ರ ಬೆನ್ನು ಅದರ ಔಟ್‌ಪುಟ್. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಮೈಕಾ ಮತ್ತು ಬುಷ್ ಇಲ್ಲದೆ ಕಟ್ಟಿದರೆ ಶಾರ್ಟ್. ಅಡಾಪ್ಟರ್ 1 ಆಂಪಿನದಿರಲಿ, ಹೀಟರ್ ಸೇರಿ 650 ಮಿಲಿಆಂಪ್ ಬೇಕು.

ಪ್ರಶ್ನೆ (ಮೂಡುಬಿದಿರೆ): ಹಳೆಯ ಮೈಕ್‌ಸೆಟ್ಟಿನಿಂದ ತೆಗೆದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಸಿಸಿ83 ಇದೆ. ಇಸಿಸಿ82ರ ಜಾಗಕ್ಕೆ ಹಾಕಬಹುದೆ? ಇಸಿಸಿ88 ಹಾಕಬಹುದೆ?

ಇಸಿಸಿ83 ಕೂರುತ್ತದೆ, ಹೀಟರಿಗೂ ತೊಂದರೆಯಿಲ್ಲ, ಆದರೆ ನಮ್ಮ ಸರ್ಕ್ಯೂಟಿಗೆ ಹೊಂದುವುದಿಲ್ಲ. ಅದರ ವರ್ಧನೆಯ ಗುಣಾಂಕ 100, ಕರೆಂಟ್ ಕಡಿಮೆ; ಪ್ಲೇಟ್ 150 ವೋಲ್ಟಿಗೂ ಮೇಲೇರಿ, ಅದಕ್ಕೆ ನೇರವಾಗಿ ಸೇರಿದ ಇಸಿಸಿ88ನ್ನು ಸೊರಗಿಸುತ್ತದೆ. ಬೆಂಗಳೂರಿನಲ್ಲಿ ತಯಾರಾದ ಆ ವಾಲ್ವನ್ನು ಜೋಪಾನವಾಗಿಡಿ, ಫೋನೊ (ರೆಕಾರ್ಡ್ ಪ್ಲೇಯರಿನ) ಪ್ರಿಆಂಪ್ಲಿಫೈಯರಿಗೆ ಅದು ಚಿನ್ನ.

ಇಸಿಸಿ88 ಖಂಡಿತ ಬೇಡ. ಇಸಿಸಿ82ರ 4 ಮತ್ತು 5ನೇ ಪಿನ್ನುಗಳ ನಡುವೆ 12.6 ವೋಲ್ಟ್, ಇಸಿಸಿ88ಕ್ಕೆ ಅದೇ ಪಿನ್ನುಗಳಲ್ಲಿ 6.3 ಮಾತ್ರ, ಅದರ 9ನೇ ಪಿನ್ ಹೀಟರೇ ಅಲ್ಲ, ಒಳಗಿನ ಶೀಲ್ಡ್. 12 ವೋಲ್ಟಿನ ಸಾಕೆಟ್ಟಿಗೆ ಹಾಕಿದರೆ ಬಲ್ಬಿನಂತೆ ಬೆಳಗಿ ಹೀಟರ್ ಹೋಗುತ್ತದೆ. 6.3ರಲ್ಲಿ ಓಡಿಸುವವರು ಇಸಿಸಿ82ರ 4, 5ನ್ನು ಒಟ್ಟಿಗೆ ಕಟ್ಟಿ 9ಕ್ಕೆ ಇನ್ನೊಂದು ತುದಿ ಕೊಟ್ಟಿರುತ್ತಾರೆ. ಅಲ್ಲಿ ಇಸಿಸಿ88 ಉರಿಯುವುದೇ ಇಲ್ಲ.

ಪ್ರಶ್ನೆ (ಬಂಟ್ವಾಳ): ನಮ್ಮಲ್ಲಿ ರಾತ್ರಿ ವೋಲ್ಟೇಜ್ 245ರವರೆಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 220ಕ್ಕೆ ಸುತ್ತಿಸಿದ್ದು. 250 ವೋಲ್ಟಿನ ಫಿಲ್ಟರ್ ಕಂಡೆನ್ಸರ್ ಉಬ್ಬಿತು.

ಉಬ್ಬಲೇಬೇಕಿತ್ತು. ಸೆಕೆಂಡರಿ 160 ವೋಲ್ಟ್ ಎಂದಿಟ್ಟುಕೊಳ್ಳಿ. ತುದಿ ವೋಲ್ಟೇಜ್ 226. ವಾಲ್ವು ಕಾಯುವ ತನಕ ಲೋಡ್ ಇಲ್ಲದೆ ಶೇಕಡ 10 ಹೆಚ್ಚು, ಅಂದರೆ 249. ಲೈನ್ 220ರ ಬದಲು 245 ಆದರೆ 277. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅರ್ಧ ನಿಮಿಷ ಈ ಹೊಡೆತ. 350 ಅಥವಾ 400 ವೋಲ್ಟಿನದನ್ನೇ ಹಾಕಿ. ಹೀಟರಿನಲ್ಲೂ 6.3ರ ಬದಲು 7 ವೋಲ್ಟ್ ಇರುತ್ತದೆ, 1.03 ಆಂಪಿಗೆ 0.68 ಓಮ್, 2 ವಾಟ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದರೆ ಸರಿಹೋಗುತ್ತದೆ. ಹೊಸ ಕಂಡೆನ್ಸರ್ ಹಾಕಿದ ಮೇಲೆ ಮೊದಲ ಸಲ 60 ವಾಟ್ ಹಳೆಯ ಕಾಲದ ಬಲ್ಬಿನ ಸೀರೀಸ್ ಬೋರ್ಡಿನಲ್ಲಿ ಹಚ್ಚಿ ನೋಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಕ್ಷೇಮ, ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಎಲ್‌ಇಡಿ ಬಲ್ಬ್ ಇದಕ್ಕೆ ಬಾರದು.

ಪ್ರಶ್ನೆ (ಉಳ್ಳಾಲ): ಹಳೆಯ ಮನೆ, ಪ್ಲಗ್‌ಗಳಿಗೆ ಅರ್ಥ್ ಇಲ್ಲ. ಚಾಸಿ ಮುಟ್ಟಿದರೆ ಜುಮ್ ಎನ್ನುತ್ತದೆ. ಹಾಗೇ ಬಳಸಬಹುದೆ?

ಬೇಡ. ಲೋಹದ ಚಾಸಿಯೊಳಗೆ 200 ವೋಲ್ಟ್ ಇರುವ ಯಂತ್ರ ಅರ್ಥ್ ಇಲ್ಲದೆ ಓಡಬಾರದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ ಮಾಡಿಸಿ, ಅರ್ಥ್ ಟೆಸ್ಟರಿನಲ್ಲಿ ಅಳೆಯಿಸಿ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒಳ್ಳೆಯ ಅಂಕಿ ತೋರಿಸಿ ಏಪ್ರಿಲಿನಲ್ಲಿ ಕೈಕೊಡುವುದರಿಂದ ಬೇಸಗೆಯಲ್ಲೇ ಅಳೆಯಿಸುವುದು ಒಳ್ಳೆಯದು. ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಸೋರಿಕೆಯಾದರೆ ಕರೆಂಟ್ ಕಡಿಯುವ ಸ್ವಿಚ್) ಹಾಕಿಸಿ. ಅಲ್ಲಿಯ ತನಕ ಸೆಟ್ ಮುಚ್ಚಿಡಿ.

ಪ್ರಶ್ನೆ (ಬ್ರಹ್ಮಾವರ): ಮೊಬೈಲ್ ಜೋಡಿಸದಿದ್ದರೂ ಹೆಡ್‌ಫೋನಿನಲ್ಲಿ ಸಣ್ಣಗೆ ಆಕಾಶವಾಣಿ ಕೇಳುತ್ತದೆ!

ನಿಮ್ಮೂರಲ್ಲೇ ಆಕಾಶವಾಣಿಯ 1089 ಕಿಲೋಹರ್ಟ್ಸ್ ಮಧ್ಯಮ ತರಂಗದ ಪ್ರಸಾರ ಸ್ತಂಭ ಇರುವಾಗ ಅಚ್ಚರಿಯಿಲ್ಲ. ಇನ್‌ಪುಟ್ ವಯರ್ ಆಂಟೆನಾ ಆಗಿದೆ, ವಾಲ್ವಿನ ಗ್ರಿಡ್ ಡಿಟೆಕ್ಟರ್ (ತರಂಗದಿಂದ ಸದ್ದನ್ನು ಬೇರ್ಪಡಿಸುವುದು) ಆಗಿದೆ. ಗ್ರಿಡ್ಡಿನ ಪಿನ್ನಿಗೇ ಒತ್ತಿ 10 ಕಿಲೋಓಮ್ ಬೆಸೆದು, ಪಿನ್ನಿನಿಂದ ಗ್ರೌಂಡಿಗೆ 100 ಪಿಕೊಫ್ಯಾರಡ್ ಸೆರಾಮಿಕ್ ಹಾಕಿ. 1089 ಕಿಲೋಹರ್ಟ್ಸ್ ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ, ಸಂಗೀತಕ್ಕೆ ಏನೂ ಆಗದು. ಆಡಿಯೊ ಗ್ರೌಂಡಿಗೂ ಚಾಸಿಗೂ ನಡುವೆ ಇನ್‌ಪುಟ್ ಸಾಕೆಟ್ಟಿನ ಬುಡದಲ್ಲೇ 10 ನ್ಯಾನೊಫ್ಯಾರಡ್ ಒಂದನ್ನು ಗಿಡ್ಡ ಕಾಲುಗಳಲ್ಲಿ ಬೆಸೆಯಿರಿ. ಇನ್ನೂ ಉಳಿದರೆ ಹೆಡ್‌ಫೋನ್ ವಯರನ್ನು ಫೆರೈಟ್ ರಿಂಗಿಗೆ ಎಂಟು-ಹತ್ತು ಸುತ್ತು ಸುತ್ತಿ. ಒಂದೇ ಸುತ್ತಿನ ಕ್ಲಿಪ್ ಫೆರೈಟ್ ಈ ಆವರ್ತನದಲ್ಲಿ ಹೆಚ್ಚೇನೂ ಮಾಡದು.